ಕತ್ತೆಯ ಬಾಯಲ್ಲಿದ್ದ ಚೀಟಿ

ಬಡ ಪ್ರಾಣಿಗಳಿಗೆ ಬಿಟ್ಟಿ ಚಿಕಿತ್ಸೆ ಸಿಗಲೆಂದು ಸಿಂಹರಾಜ ಚೀಟಿ ಹಂಚಿದ. ಕಾಲಿಗೆ ಮುಳ್ಳು ನೆಟ್ಟಿದ್ದ ಕತ್ತೆಗೂ ಒಂದು ಸಿಕ್ಕಿತು. ಕತ್ತೆಗೆ ಕೈಯಿಲ್ಲವಲ್ಲ, ಆದ್ದರಿಂದ ಚೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಕುಂಟುತ್ತಾ ಹೋಗಿ, ಕೊಕ್ಕರೆ ವೈದ್ಯರ ಮುಂದಿಟ್ಟಿತು. “ಚೀಟಿಗೆಲ್ಲ ನಾನು ಮುಳ್ಳು ಕೀಳುವುದಿಲ್ಲ” ಎಂದರು ವೈದ್ಯರು.

“ಸ್ವಾಮಿ, ‘ಚೀಟಿ ನಡೆಯುತ್ತದೆ’ ಎಂದು ಹೊರಗೆ ಬೋರ್ಡ್ ಇದೆ.”

“ಬೋರ್ಡ್ ರಾಜರದು, ಕೊಕ್ಕು ನನ್ನದು. ಆ ಇನ್ನೊಬ್ಬ ವೈದ್ಯ ಮರಕುಟಿಗನನ್ನು ಕೇಳಿ ನೋಡಪ್ಪ.”

ಮರಕುಟಿಗ, “ಈ ತಿಂಗಳು ನಾನು ನೋಡಬೇಕಾದ ಚೀಟಿಗಳೆಲ್ಲ ಮುಗಿದವು, ಕೊಕ್ಕರೆಯ ಬಳಿ ಹೋಗು” ಎಂದಿತು.

ಕತ್ತೆ ಮತ್ತೆ ಚೀಟಿ ಕಚ್ಚಿಕೊಂಡು ಒಂಟಿಯಾಗಿ ಹೊರಟಿತು. ನೋವು ಹೆಚ್ಚಿತು. ಆದರೆ ಬಾಯಿ ತೆರೆದರೆ ಚೀಟಿ ಬಿದ್ದುಹೋಗುತ್ತದೆಂದು ಅದು ಅರಚಲಿಲ್ಲ.

ಮೇಲೆ ಕಾಗೆ ಹಾರುತ್ತಿತ್ತು. ಯಾರು ನರಳಿದರೂ ಕೆಳಗಿಳಿದು, ಚೀಟಿ ಕೇಳದೆ ಮುಳ್ಳು ಕೀಳುವುದು ಅದರ ರೂಢಿ. “ಕತ್ತೆ ಸದ್ದಿಲ್ಲದೆ ಹೋಗುತ್ತಿದೆ, ಗುಣವಾಗಿರಬೇಕು” ಎಂದುಕೊಂಡು ಅದು ಮುಂದೆ ಹಾರಿತು.