ಅನುಮಾನದವನ ಕೆಪಾಸಿಟರ್

"ಮೇಷ್ಟ್ರೇ, ಹಳೆಯ ಕೆಪಾಸಿಟರ್ ಕಿತ್ತು ಹೊಸದು ಹಾಕುವಾಗ ಯಾವುದನ್ನು ನಂಬಬೇಕು?" ಎಂದು ಕೊಟ್ರೇಶಿ ಕೇಳಿದ.

ಅವನ ಮುಂದೆ, ಕರೆಂಟಿನ ಅಲೆಗಳನ್ನು ತೆರೆಯ ಮೇಲೆ ತೋರಿಸುವ ಒಂದು ಹಳೆಯ ಆಸಿಲೋಸ್ಕೋಪು ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಕಾಲೇಜಿನ ಲ್ಯಾಬಿನದು. ಅವನೊಬ್ಬನ ಕೈಗೇ ಒಪ್ಪಿಸಿದ ಮೊದಲ ಯಂತ್ರ. ಇದು ನಡೆದರೆ ಲ್ಯಾಬಿನ ಮಿಕ್ಕ ಯಂತ್ರಗಳೂ ಅವನ ಬಳಿಗೇ ಬರುತ್ತವೆ. ಇದರ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ, ಅವನನ್ನೂ ಇನ್ನಾರೂ ಕರೆಯುವುದಿಲ್ಲ.

ಹಳೆಯ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರಿನ ತಂತಿಗಳನ್ನು ಬಿಡಿಸಿ ಇಟ್ಟಿದ್ದ. ಪಕ್ಕದಲ್ಲಿ ಪೇಟೆಯಿಂದ ತಂದ ಹೊಸದು ನೀಲಿ ಕವಚದಲ್ಲಿ ಮಿಂಚುತ್ತಿತ್ತು. ಅವನಿಗೆ ಎರಡರ ಮೇಲೂ ಅನುಮಾನ. ಕೆಪಾಸಿಟರಿನಲ್ಲಿ ಕರೆಂಟು ಸೋರುವುದನ್ನು ಅಳೆಯುವ ಮೀಟರು ಮೇಜಿನ ಮೇಲೇ ಇತ್ತು. ಅದರ ಮುಳ್ಳು ಒಂದಿಷ್ಟು ನಡುಗುತ್ತದೆ ಎಂದು ಅದರ ಮೇಲೂ ಅನುಮಾನ. ಸದ್ಯಕ್ಕೆ ಅದು ಅವನು ಚಹಾ ಲೋಟ ಇಡುವ ಜಾಗ.

ತನಗೆ ರಿಪೇರಿ ಕಲಿಸುವ ಬಸವಂತ ಮೇಷ್ಟ್ರ ಮೇಲಂತೂ ಕೇಳುವುದೇ ಬೇಡ. ಹೋದ ವಾರ ಹಳೇ ರೇಡಿಯೋದ ವಾಲ್ವಿಗೆ ಹಾಕುವ ಉಪ್ಪು ಬೇಕೆಂದು ಅವನನ್ನು ಅಂಗಡಿಗೆ ಕಳಿಸಿದ್ದರು. ಅಂಗಡಿಯವನು ಕಲ್ಲುಪ್ಪೋ ಪುಡಿಯುಪ್ಪೋ ಎಂದು ಕೇಳಿದ ಮೇಲೇ ಅದು ಮೇಷ್ಟ್ರ ಕುಚೇಷ್ಟೆ ಎಂದು ಅವನಿಗೆ ಹೊಳೆದದ್ದು.

ಮೇಷ್ಟ್ರು ಚಹಾ ಹೀರಿದರು. "ಸರಿಯಾದವನನ್ನೇ ಕೇಳಿದೆ. ಈ ಭೂಮಿಯ ಮೇಲೆ ತಗಡಿನ ಹಾಳೆಯನ್ನು ಕೆಪಾಸಿಟರ್ ಅಂತ ಮೊಟ್ಟಮೊದಲು ಸುತ್ತಿದವನು ನಾನೇ. ಅದು ಸುಳ್ಳು, ಬಿಡು. ನಮ್ಮಜ್ಜಿ ದೀಪದ ಬತ್ತಿ ಹೊಸೆಯೋದನ್ನು ಕೂತು ನೋಡಿದ್ದೀನಿ, ಅಷ್ಟೇ. ಆದರೆ ಈ ಕತೆ ಕೇಳು."

ಹೀಗೆಂದು ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರಿಪೇರಿಯವನಿದ್ದ. ಮಹಾ ಅನುಮಾನದ ಪ್ರಾಣಿ. ಹೆಂಡತಿ ಕೊಟ್ಟ ಕಾಫಿಯನ್ನು ಮೂಸಿ ಕುಡಿಯುವನು. ಕ್ಷೌರ ಮಾಡಿಸಿಕೊಂಡು ಎದ್ದರೆ ಎರಡೂ ಕಿವಿ ಮುಟ್ಟಿ ನೋಡಿಕೊಂಡೇ ಹೊರಡುವನು. ಅವನ ಬಳಿಗೆ ಒಬ್ಬ ಉಪಾಧ್ಯಾಯ ಒಂದು ಹಳೆಯ ಅಳತೆಯ ಯಂತ್ರ ತಂದ. "ಇದರ ಟ್ರಾನ್ಸ್‌ಫಾರ್ಮರ್ ಮತ್ತೆ ಹುಟ್ಟುವುದಿಲ್ಲ. ಜೋಪಾನ" ಎಂದು ಹೇಳಿ ಇಟ್ಟುಹೋದ. ಯಂತ್ರ ನಡೆಯುತ್ತಿತ್ತು. ಒಂದು ಗುಂಡಿ ಸಡಿಲವಾಗಿತ್ತು, ಅಷ್ಟೇ.

ರಿಪೇರಿಯವನು ಗುಂಡಿ ಬಿಗಿಮಾಡಿದ. ಆಮೇಲೆ ಒಳಗೆ ಇಣುಕಿದ. ಮಾಸಿದ ಡಬ್ಬಿ, ಅಳಿಸಿಹೋದ ಅಕ್ಷರ. ಇಷ್ಟು ವಯಸ್ಸಾದ ಕೆಪಾಸಿಟರ್ ಇನ್ನೂ ಕೆಲಸ ಮಾಡುತ್ತಿದೆಯೆಂದರೆ ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡ. ಇಂದಲ್ಲ ನಾಳೆ ಇದು ಒಳಗೊಳಗೇ ಸೋರುತ್ತದೆ, ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ, ಕೆಟ್ಟ ಹೆಸರು ನನಗೆ ಬರುತ್ತದೆ. ಕಿತ್ತು ಬುಟ್ಟಿಗೆ ಹಾಕಿದ.

ಹೊಸದಕ್ಕಾಗಿ ಒಬ್ಬ ವ್ಯಾಪಾರಿಯ ಬಳಿಗೆ ಹೋದ.

"ನಿನ್ನ ಮಾಲಿನ ಮೇಲೆ ನನಗೆ ನಂಬಿಕೆ ಇಲ್ಲ" ಎಂದ.

"ನಂಬಬೇಡಿ ಯಜಮಾನ್ರೇ" ಎಂದ ವ್ಯಾಪಾರಿ. "ನಂಬುವ ಗಿರಾಕಿಗಳೇ ನನಗೆ ತಲೆನೋವು. ನೀವು ಕಣ್ಣಾರೆ ನೋಡಿ, ಆರಿಸಿಕೊಳ್ಳಿ."

ಆ ಮಾತು ಇವನಿಗೆ ಬಹಳ ಹಿಡಿಸಿತು. ಭೂತಗನ್ನಡಿ ಹಿಡಿದು ನೋಡಿದ. ಕವಚದಲ್ಲಿ ಸುಕ್ಕಿಲ್ಲ. ಅಚ್ಚು ಸ್ಫುಟವಾಗಿದೆ. ಕಾಲುಗಳಲ್ಲಿ ತುಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚು ಮಿಂಚುವುದನ್ನು ಆರಿಸಿ ಮನೆಗೆ ತಂದ. ಮನೆಯಲ್ಲಿ ಅಳೆಯುವ ಮೀಟರೂ ಇತ್ತು. ಅದನ್ನು ಮಾರಿದವನು ಕಳ್ಳನಂತೆ ಕಂಡಿದ್ದರಿಂದ ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ತನ್ನ ಕಣ್ಣಿಗಿಂತ ದೊಡ್ಡ ಮೀಟರು ಯಾವುದು ಎಂದುಕೊಂಡು ಹೊಸದನ್ನು ಬೆಸುಗೆ ಹಾಕಿ ಸ್ವಿಚ್ಚು ಒತ್ತಿದ.

ಯಂತ್ರ ಗುಂಯ್ ಎಂದಿತು. ವಾಸನೆ ಬಂತು. ಆಮೇಲೆ ಹೊಗೆ. ಮತ್ತೆ ಹುಟ್ಟದ ಟ್ರಾನ್ಸ್‌ಫಾರ್ಮರ್ ಸತ್ತಿತು.

ರಿಪೇರಿಯವನು ಹೊಸ ಕೆಪಾಸಿಟರಿನ ಕವಚ ಸೀಳಿದ. ಒಳಗೆ ಯಾವುದೋ ಗುಜರಿಯ ಸಣ್ಣ ಹಳೇ ಕೆಪಾಸಿಟರ್ ಇತ್ತು, ದೊಡ್ಡಣ್ಣನ ಅಂಗಿ ತೊಟ್ಟ ಹಾಗೆ.  ಬುಟ್ಟಿಯಿಂದ ಆ ಮಾಸಿದ ಡಬ್ಬಿಯನ್ನು ಎತ್ತಿದ. ತಳದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಅಲ್ಲೇ ಕೊಯ್ದ. ಒಳಗೆ ಹೊಚ್ಚಹೊಸ ಕೆಪಾಸಿಟರ್. ಹಿಂದೆ ಯಾರೋ ಒಬ್ಬ ಕಸುಬುದಾರ, ಯಂತ್ರದ ಹಳೆಯ ಚಂದ ಕೆಡಬಾರದೆಂದು, ಡಬ್ಬಿಯನ್ನು ಟೊಳ್ಳು ಮಾಡಿ ಹೊಸದನ್ನು ಒಳಗಿಟ್ಟು ಅಂಟಿಸಿದ್ದ. ಹಳಬರು ಹಾಗೆ ಮಾಡುವುದುಂಟು.

ಉಪಾಧ್ಯಾಯ ಬಂದು ಸುಟ್ಟ ಯಂತ್ರವನ್ನು ನೋಡಿದ.  ಎತ್ತಿಕೊಂಡು ಹೋದ. ಆಮೇಲೆ ಆ ರಿಪೇರಿಯವನ ಮನೆಯ ಕಡೆಗೆ ಯಾರೂ ಹಾಯಲಿಲ್ಲ.

ಮೇಷ್ಟ್ರು ಲೋಟ ಬರಿದುಮಾಡಿ ಕೆಳಗಿಟ್ಟರು.

ಕೊಟ್ರೇಶಿ ನೀಲಿ ಕವಚದ್ದನ್ನು ತೋರುಬೆರಳಿನಿಂದ, ಕಚ್ಚೀತೇನೋ ಎಂಬಂತೆ, ದೂರ ತಳ್ಳಿದ. ಹಳೆಯ ಡಬ್ಬಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ.

"ಇಲ್ಲೂ ಗೆರೆ ಇದೆ ಮೇಷ್ಟ್ರೇ. ತಳದಲ್ಲೇ."

"ಇದೆಯಾ?"

"ಕೂದಲೆಳೆಯಷ್ಟೇ. ನೋಡಿ ಬೇಕಾದರೆ. ಪೇಟೆಯವನು ನನಗೂ ಹಾಗೇ ಅಂದಿದ್ದ, ಕಣ್ಣಾರೆ ನೋಡಿ ತಗೋ ಅಂತ. ಆಗಲೇ ನನಗೆ ಅನುಮಾನ ಬಂದಿತ್ತು."

"ನಿನಗೆ ಬರದೆ ಇನ್ಯಾರಿಗೆ ಬರಬೇಕು" ಎಂದರು ಮೇಷ್ಟ್ರು.

ಕೊಟ್ರೇಶಿ ಡಬ್ಬಿಯನ್ನು ಅದರ ಜಾಗದಲ್ಲೇ ಕೂರಿಸಿದ. ಬಿಡಿಸಿದ್ದ ತಂತಿಯನ್ನು ನೇರ ಮಾಡಿದ. ಕಾದಿದ್ದ ಬೆಸುಗೆಕೋಲನ್ನು ಕೈಗೆತ್ತಿಕೊಂಡ. ಹಳಬರ ಕೈಕೆಲಸದ ಮೇಲೆ ಅವನಿಗೆ ಈಗ ತುಂಬ ಗೌರವ ಬಂದಿತ್ತು.

"ಅಲ್ಲಯ್ಯಾ, ಆ ರಿಪೇರಿಯವನದು ಯಾವ ಊರು ಅಂತ ನೀನು ಕೇಳಲೇ ಇಲ್ಲ."

"ಯಾವ ಊರು ಮೇಷ್ಟ್ರೇ?"

"ಯಾವ ಊರೂ ಅಲ್ಲ. ನೀನು ಪ್ರಶ್ನೆ ಕೇಳಿದ ಮೇಲೆ ಹುಟ್ಟಿದವನು ಅವನು. ನಿನ್ನ ಡಬ್ಬಿಯ ಗೆರೆ ಒಳ್ಳೆಯದನ್ನು ಒಳಗಿಟ್ಟ ಅಂಟಿನದೋ, ನಿನ್ನ ಸ್ಪ್ಯಾನರು ಗೀರಿದ್ದೋ, ನನಗೇನು ಗೊತ್ತು?"

ಬೆಸುಗೆಕೋಲು ತಂತಿಯ ಹತ್ತಿರ ಬಂದು ನಿಂತಿತು. ಅದರ ತುದಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಕೊಟ್ರೇಶಿ ಹಳೆಯದನ್ನು ನೋಡಿದ, ಹೊಸದನ್ನು ನೋಡಿದ, ಮೇಷ್ಟ್ರ ಮುಖ ನೋಡಿದ. 

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಮೀಟರಿನ ಮೇಲೆ ಲೋಟ ಇಟ್ಟುಕೊಂಡು ನನ್ನ ಬಾಯನ್ನು ನಂಬಿದೆಯಲ್ಲ, ಮೊದಲು ಆ ಲೋಟ ಎತ್ತು, ಆಮೇಲೆ ನನ್ನ ಚಹಾದ ದುಡ್ಡೂ ನೀನೇ ಕೊಟ್ಟುಬಿಡು."