ಹಿಂಬದಿಯ ಗೂಡಿನ ಲೋಟ

"ಗುರುಗಳೇ, ಹುಟ್ಟಿದ ಜಾತಿಯನ್ನು ಮುಚ್ಚಿಟ್ಟು, ಮೇಲಿನವರೆಂದು ಹೇಳಿಕೊಂಡು ಬದುಕುವವರು ವಂಚಕರಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಊರಾಚೆಯ ಕೇರಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಮೈಬಣ್ಣ ಬೆಳ್ಳಗಿದ್ದುದರಿಂದ ಹೆತ್ತವರು ಕೆಂಚವ್ವ ಎಂದು ಹೆಸರಿಟ್ಟಿದ್ದರು. ಊರಿನ ಹೋಟೆಲಿನ ಒಳಗೆ ಕೇರಿಯವರಿಗೆ ಜಾಗವಿರಲಿಲ್ಲ. ಹಿಂಬದಿಯ ಗೋಡೆಯ ಗೂಡಿನಲ್ಲಿ ಅವರಿಗೆಂದೇ ಬೇರೆ ಲೋಟಗಳಿದ್ದವು. ನಿಂತು ಕುಡಿಯಬೇಕು, ತಾವೇ ತೊಳೆಯಬೇಕು, ಗೂಡಿನಲ್ಲಿ ಬೋರಲು ಇಟ್ಟು ಹೋಗಬೇಕು. ಕೆಂಚವ್ವ ನಡೆಯಲು ಕಲಿತ ಮೇಲೆ ಕಲಿತ ಮೊದಲ ಕೆಲಸ ಅದು.

ಅಪ್ಪ ಅವ್ವ ಸತ್ತ ಮೇಲೆ, ಒಡಹುಟ್ಟಿದ ಅಣ್ಣನಿಗೂ ಹೇಳದೆ ದೂರದ ಪೇಟೆಗೆ ಹೋದಳು. ಅವಳ ಬಣ್ಣ ನೋಡಿ ಯಾರೋ, "ದೊಡ್ಡ ಮನೆಯವರ ಹಾಗೆ ಕಾಣ್ತೀರಲ್ಲಮ್ಮ" ಎಂದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೆಸರು ಕೇಳಿದಾಗ ಸುಶೀಲಮ್ಮ ಎಂದಳು. ಕಂಡವರ ಮನೆಯಲ್ಲಿ ಬೇಯಿಸಿದಳು, ಯಾರ ಮುಂದೆಯೂ ಕೈಚಾಚದೆ ಸ್ವಂತ ಹೋಟೆಲು ಇಟ್ಟಳು. ಹನ್ನೆರಡು ವರ್ಷ ಕಳೆಯಿತು.

ಅವಳ ಹೋಟೆಲಿನ ಹಿಂದೆಯೂ ಗೂಡಿತ್ತು. ಅದಿಲ್ಲದಿದ್ದರೆ ಜನ ಅನುಮಾನಪಡುತ್ತಿದ್ದರು. ಕೇರಿಯವರು ಯಾರಾದರೂ ಬಾಗಿಲಿಗೆ ಒರಗಿದರೆ, "ದೂರ ನಿಲ್ಲಪ್ಪ" ಎಂದು ಎಲ್ಲರಿಗಿಂತ ಮೊದಲು ಗದರುವವಳು ಅವಳೇ. ದಿನವೂ ತಿಂಡಿಗೆ ಬರುವ ಗುಮಾಸ್ತನೊಬ್ಬ, "ಮಡಿ ಅಂದರೆ ಸುಶೀಲಮ್ಮನವರದು" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಹಿಂಬದಿಯಲ್ಲಿ ಯಾರೋ ಚಹಾ ಕೇಳಿದರು. ಅವಳು ಪಾತ್ರೆ ಹಿಡಿದು ಹೋದಳು. ಲೋಟ ಹಿಡಿದು ನಿಂತವನು ಅವಳ ಅಣ್ಣ. ಅವಳು ಮೇಲಿನಿಂದ, ಲೋಟಕ್ಕೆ ತಾಗದ ಹಾಗೆ, ಚಹಾ ಹೊಯ್ದಳು. ಅವನು ತಲೆ ಎತ್ತಿ ಮುಖ ನೋಡಿದ.

"ಕೆಂ..." ಎಂದವನ ಕಣ್ಣಿಗೆ ಅವಳ ಹಿಂದೆ ಒಳಗೆ ಕೂತಿದ್ದ ಜನ ಬಿದ್ದರು. ಒಂದು ಗುಟುಕು ನುಂಗಿದ. "ಕೆಂಪಗೆ ಖಡಕ್ಕಾಗಿದೆ ಚಾ, ಅಮ್ಮಾವ್ರೇ" ಎಂದ.

ಕುಡಿದ. ತೊಳೆದ. ಲೋಟವನ್ನು ಬೋರಲು ಇಟ್ಟ. ಹೋದ.

ಅವಳು ಒಳಗೆ ಬಂದು, ತನಗೂ ಅರ್ಧ ಲೋಟ ಚಹಾ ಬಗ್ಗಿಸಿಕೊಂಡು ನಿಂತೇ ಕುಡಿದಳು. ಹಿಂದೆ ಹೋಗಿ ಲೋಟ ತೊಳೆದಳು. ಅಣ್ಣನ ಲೋಟದ ಪಕ್ಕದಲ್ಲಿ ಬೋರಲು ಇಟ್ಟಳು. ಕೈತೊಳೆಯಲು ಬಂದ ಗುಮಾಸ್ತ ಅದನ್ನು ನೋಡಿದ.

"ಏನ್ ಸುಶೀಲಮ್ಮ, ಇನ್ನೂ ನಿದ್ದೆಗಣ್ಣೇನು? ನಿಮ್ಮ ಲೋಟ ಅವರ ಗೂಡಿಗೆ ಇಡ್ತಿದ್ದೀರಲ್ಲ!" ಎಂದು ನಕ್ಕ.

ತಾನೂ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲೋಟ ತೆಗೆಯಲು ಅವಳು ಕೈಯನ್ನೂ ಚಾಚಿದಳು. ತೆಗೆಯಲಾಗಲಿಲ್ಲ.

"ಈಗ ಚಾ ಕುಡಿದು ಹೋದನಲ್ಲ, ಅವನು ನನ್ನ ಅಣ್ಣ. ನನ್ನ ಹೆಸರು ಕೆಂಚವ್ವ" ಎಂದಳು.

ಗುಮಾಸ್ತ ಅಲ್ಲೇ ಬಗ್ಗಿ ಮೂರು ಸಲ ಬಾಯಿ ಮುಕ್ಕಳಿಸಿದ. ಸುದ್ದಿ ಒಳಗೆ ಕೂತವರಿಗೂ ಮುಟ್ಟಿತು. ಜನ ಅರ್ಧ ತಿಂದ ಎಲೆಗಳನ್ನು ಬಿಟ್ಟು ಎದ್ದರು. ಅವಳು ಬೀದಿಗೆ ಓಡಿದಳು. ಅಣ್ಣ ಎಲ್ಲೂ ಕಾಣಲಿಲ್ಲ. ಮರುದಿನ ಎಂದಿನಂತೆ ಒಲೆ ಹಚ್ಚಿದಳು. ಯಾರೂ ಬರಲಿಲ್ಲ. ಅದರ ಮರುದಿನವೂ ಹಚ್ಚಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾದಂತೆ ಕಂಡಿತು. "ಹನ್ನೆರಡು ವರ್ಷ ಊರಿಗೆ ಊರನ್ನೇ ನಂಬಿಸಿದಳು. ತಕ್ಕದ್ದೇ ಆಯಿತು, ಗುರುಗಳೇ" ಎಂದ.

"ಇರಲಿ, ಆ ಅಣ್ಣ ಇವತ್ತು ನಮ್ಮ ಮಠದ ಊಟಕ್ಕೆ ಬಂದರೆ ಅವನಿಗೆ ಎಲೆ ಎಲ್ಲಿ ಹಾಕುತ್ತೀಯ?" ಎಂದರು ಗುರುಗಳು.