ಎಣ್ಣೆಬಟ್ಟಲಲ್ಲಿ ಕಂಡದ್ದು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವಳು ಹಾಸ್ಟೆಲ್ಲಿನ ಗೆಳತಿ ನೀಲಮ್ಮ. ಪ್ರಸಂಗದ ನಾಯಕಿ ಅವಳೇ. ಆದರೆ ಆಗ ಅವಳಿಗೆ ಇಪ್ಪತ್ತು ದಿನ. ತನಗೇನೂ ನೆನಪಿಲ್ಲವೆಂದು ಒಪ್ಪಿಕೊಂಡೇ ಹೇಳಿದಳು. ಎಲ್ಲ ನೆನಪಿದ್ದದ್ದು ಅವಳ ಸೋದರಮಾವ ಮುರಿಗೆಪ್ಪ ಮಾಸ್ತರರಿಗೆ.

ಗುಳೇದಗುಡ್ಡದ ಕಡೆಯ ನೇಕಾರರ ಓಣಿಯೊಂದರ ತುದಿಯಲ್ಲಿ, ತಗಡು ಹೊದಿಸಿದ ಒಂದೇ ಕೋಣೆಯ ಮನೆಯಲ್ಲಿ ಪೂಜ್ಯ ಈರಮ್ಮತಾಯಿಯವರು ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಬಂದವರಿಗೆ, “ಮಳಿ ಸೋರೂ ಕಡೆ ಒಂದು ತಗಡ ಹಾಕ್ರಿ, ಸಾಕು” ಎಂದವರು ಅವರು. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಉಣ್ಣುತ್ತಿದ್ದರು. ದರ್ಶನಕ್ಕೆ ಯಾರೇ ಬರಲಿ, ರಾಟೆ ನಿಲ್ಲುತ್ತಿರಲಿಲ್ಲ.

ನೀಲಮ್ಮ ಎರಡನೆಯ ಕೂಸಾದ್ದರಿಂದ ಅಪ್ಪನ ಮನೆಯಲ್ಲೇ ಹುಟ್ಟಿದಳು. ಹುಟ್ಟುವಾಗಲೇ ಕೆಳದವಡೆಯಲ್ಲಿ ಒಂದು ಹಲ್ಲಿತ್ತು. ಹಲ್ಲು ಹೊತ್ತು ಹುಟ್ಟಿದ ಕೂಸು ಸೋದರಮಾವನಿಗೆ ಕೇಡು ಎಂದು ಓಣಿಯೆಲ್ಲ ಗುಸುಗುಸು. ಮಾವನಾದರೋ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಗ್ರಹಣದ ದಿನ ಮಕ್ಕಳೆದುರು ಚುರುಮುರಿ ತಿಂದು ತೋರಿಸಿದ ಧೀರ. ಈ ಮಾತು ಕೇಳಿ ಗಹಗಹಿಸಿ ನಕ್ಕರು. ನಕ್ಕು, ಪರೀಕ್ಷೆಯ ಪೇಪರು ರಾಶಿ ಬಿದ್ದಿವೆಯೆಂದು ಇಪ್ಪತ್ತು ದಿನ ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಪೇಪರು ಮೂರೇ ದಿನದಲ್ಲಿ ಮುಗಿದಿದ್ದವು.

ಅಷ್ಟರಲ್ಲಿ ಕೂಸು ಹಾಲು ಬಿಟ್ಟಿತು. ದಿನದಿನಕ್ಕೆ ಸೊರಗಿತು. ತಾಯಿ ದಾನವ್ವ ಅತ್ತು ಅತ್ತು ಸೋತಳು. ಅತ್ತೆ ಬಸಲಿಂಗವ್ವ ಬಾಯಿಗೆ ಬೆಳಿಗಾರ ತಿಕ್ಕಿದರು, ಜೇನು ಸವರಿದರು, ಕಡೆಗೆ ತೀರ್ಮಾನಿಸಿದರು: ಈರಮ್ಮತಾಯಿಯವರ ಸನ್ನಿಧಿಯಲ್ಲಿ ಮಾವ ಮೊದಲು ಎಣ್ಣೆಯಲ್ಲಿ ಕೂಸಿನ ಮುಖ ನೋಡಿ ದೋಷ ಕಳೆದುಕೊಳ್ಳಲಿ, ಆಮೇಲೆ ಬಂಗಾರದ ಕೆಲಸದ ಮೋನಪ್ಪ ಇಕ್ಕಳದಿಂದ ಹಲ್ಲು ಕೀಳಲಿ. ಎಲ್ಲರೂ ತಾಯಿಯವರ ಮನೆಯಲ್ಲಿ ಸೇರಿದಾಗ ಮೋನಪ್ಪ ಇಕ್ಕಳ ಹಿಡಿದೇ ಬಂದಿದ್ದ.

“ನಾ ಇದನ್ನೆಲ್ಲ ನಂಬಂಗಿಲ್ರಿ ತಾಯಿ. ತಂಗಿ ಸಲುವಾಗಿ ಬಂದೇನಿ,” ಎಂದರು ಮಾಸ್ತರರು.

“ನಂಬದವ್ರಿಗೆ ಇಲ್ಲೀತನಕ ಬರಾಕ ಇಪ್ಪತ್ತು ದಿನ ಬೇಕಾತು ನೋಡ್ರಿ,” ಎಂದು ಬಸಲಿಂಗವ್ವ ಕುಟುಕಿದರು.

ತಾಯಿಯವರು ನಗಲಿಲ್ಲ. ಅವರ ಕಣ್ಣು ಮೂಲೆಯಲ್ಲಿ ಹಾಲೂಡಿಸಲು ಹೆಣಗುತ್ತಿದ್ದ ದಾನವ್ವನ ಮೇಲಿತ್ತು. ಕೂಸು ಹಸಿವಿನಿಂದ ಬಾಯಿ ಹಚ್ಚುತ್ತಿತ್ತು. ಚೀಪಲು ನಾಲಿಗೆ ಮುಂದೆ ತಂದೊಡನೆ ಚೀರಿ ಬಿಡುತ್ತಿತ್ತು.

ಮಾಸ್ತರರು ಕೂಸಿಗೆ ಬೆನ್ನು ಮಾಡಿ ಕುಳಿತರು. ಮುಂದೆ ಕಂಚಿನ ಬಟ್ಟಲಲ್ಲಿ ಎಳ್ಳೆಣ್ಣೆ. ದಾನವ್ವ ಅಣ್ಣನ ಹೆಗಲ ಮೇಲಿಂದ ಕೂಸಿನ ಮುಖ ಬಟ್ಟಲಿನಲ್ಲಿ ಮೂಡುವಂತೆ ಹಿಡಿದಳು. ಮಾಸ್ತರರು ಬಗ್ಗಿದರು.

“ತಮ್ಮಾ,” ಎಂದರು ತಾಯಿಯವರು, “ಕಣ್ಣ ತೆಗಿ.”

ಮಾಸ್ತರರ ಕಿವಿ ಕೆಂಪಾದವು. ಕಣ್ಣು ತೆರೆದರು.

“ಏನ ಕಾಣತೈತಿ?”

“ಹಲ್ಲರಿ.”

“ಅದನ್ನ ಊರೆಲ್ಲಾ ನೋಡೇತಿ. ನಾಲಿಗಿ ಬುಡಕ ನೋಡು.”

ಕೂಸು ಬಾಯಿ ಅಗಲಿಸಿ ಚೀರುತ್ತಿತ್ತು. ಮೇಲೆದ್ದ ಪುಟ್ಟ ನಾಲಿಗೆಯ ಅಡಿಯಲ್ಲಿ, ಸರಿಯಾಗಿ ಹಲ್ಲು ತಾಗುವಲ್ಲಿ, ಬಿಳಿಯ ಹುಣ್ಣೊಂದು ಎಣ್ಣೆಯಲ್ಲಿ ಹೊಳೆಯಿತು. ಮಾಸ್ತರರು ಶಾಸ್ತ್ರ ಮರೆತು ಗಕ್ಕನೆ ತಿರುಗಿ ಕೂಸಿನ ಬಾಯನ್ನೇ ನೋಡಿದರು.

ರಾಟೆ ನಿಂತಿತು. ತಾಯಿಯವರು ಕೈ ತೊಳೆದು ಬಂದು ಬೆರಳ ತುದಿಯಿಂದ ಹಲ್ಲನ್ನು ಮುಟ್ಟಿ ನೋಡಿದರು. ಅದು ಅಲುಗಲಿಲ್ಲ.

“ಈ ಹಲ್ಲು ಮಾವಗ ಕಚ್ಚಿಲ್ಲ. ತನ್ನ ನಾಲಿಗಿಗೇ ಕಚ್ಚೇತಿ. ಕೀಳಬ್ಯಾಡ್ರಿ, ಏನೂ ತಿಕ್ಕಬ್ಯಾಡ್ರಿ. ಹಾಲ ಹಿಂಡಿ ಚಮಚದಾಗ ಕುಡಿಸ್ಕೋತ ಬಾಗಲಕೋಟಿಗೆ ಹೋಗ್ರಿ. ಎತ್ಕೊಂಡು ಹೋಗಾಂವ ಮಾವನ.”

ಮೋನಪ್ಪ ಇಕ್ಕಳವನ್ನು ಮೆಲ್ಲಗೆ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡ.

ಬಾಗಲಕೋಟೆಯ ಹಲ್ಲಿನ ಡಾಕ್ಟರು ಹಲ್ಲಿನ ಚೂಪು ಅಂಚನ್ನು ತಿಕ್ಕಿ ನುಣುಪು ಮಾಡಿದರು. “ಅಲುಗಾಡ್ತಿದ್ರ ತೆಗೀಬೇಕಾಗತಿತ್ತು, ಉಸಿರಿನ್ಯಾಗ ಹೋದೀತು ಅಂತ. ಇದು ಗಟ್ಟಿ ಐತಿ, ಇರಲಿ. ಹುಣ್ಣು ತಾನ ಮಾಯತೈತಿ. ಭಾಳ ಮಂದಿಗೆ ಇದು ತಿಳಿಯೂದಿಲ್ರಿ. ಯಾರು ಕಂಡುಹಿಡದ್ರು?”

ಕೂಸನ್ನು ಎದೆಗವಚಿಕೊಂಡಿದ್ದ ವಿಜ್ಞಾನದ ಮಾಸ್ತರರು ನೆಟ್ಟಗೆ ನಿಂತು ಹೇಳಿದರು: “ನಮ್ಮ ತಾಯಿಯವರು.” ಹಿಂದಿನ ದಿನದವರೆಗೆ ಆ ‘ನಮ್ಮ’ ಅವರ ಬಾಯಲ್ಲಿ ಬಂದದ್ದಿಲ್ಲ.

ಮೂರನೆಯ ದಿನ ಕೂಸು ಹೊಟ್ಟೆ ತುಂಬ ಕುಡಿಯಿತು. ಎರಡು ವಾರದಲ್ಲಿ ಹುಣ್ಣು ಮಾಯಿತು. ಕಾಲಿಗೆರಗಲು ಬಂದ ಮಾಸ್ತರರಿಗೆ ತಾಯಿಯವರು ಅಂದದ್ದು ಇಷ್ಟೇ: “ನಿನ್ನ ಸಾಲ್ಯಾಗೂ ಬಾಯಿ ಅದಾವಲ್ಲ?”

ಅಂದಿನಿಂದ ನಿವೃತ್ತಿಯವರೆಗೆ, ಪ್ರತಿ ಜೂನಿನಲ್ಲಿ ಮಾಸ್ತರರು ಬ್ಯಾಟರಿ ಹಿಡಿದು ಒಬ್ಬೊಬ್ಬ ಮಗುವಿನ ನಾಲಿಗೆ ಎತ್ತಿಸಿ, ತುಟಿ ಮಗುಚಿಸಿ ನೋಡಿದರು. ಹದಿನೈದು ದಿನವಾದರೂ ಮಾಯದ ಹುಣ್ಣು, ಹೋಗದ ಗಂಟು ಕಂಡರೆ ತಾವೇ ದವಾಖಾನೆಗೆ ಕರೆದೊಯ್ದರು. ಸುತ್ತಲಿನ ಯಾವ ಊರಿನ ಶಾಲೆಗೂ ಇಂಥ ಹೆಮ್ಮೆಯಿರಲಿಲ್ಲ.

ಕೇಡು ತರಬೇಕಿದ್ದ ಆ ಹಲ್ಲು ಆರನೆಯ ವರ್ಷಕ್ಕೆ ತಾನಾಗಿ ಬಿತ್ತು. ಮಾವ ಎಂಬತ್ತು ದಾಟಿ, ಖಡಕ್ ರೊಟ್ಟಿಯನ್ನು ಸ್ವಂತ ಹಲ್ಲಿನಲ್ಲೇ ಮುರಿಯುತ್ತಿದ್ದಾರೆ.

ನಿಮ್ಮ ಬಳಗದಲ್ಲಿ ಕೂಸು ಚೀರಿ ಹಾಲು ಬಿಟ್ಟಿತೆಂದು ಯಾರಾದರೂ ಅತ್ತರೆ, ಈರಮ್ಮತಾಯಿಯವರ ಹೆಸರೆತ್ತಿ ಈ ಕಥೆ ಹೇಳಿರಿ. ಪೂರ್ತಿ ಹೇಳಲು ಹೊತ್ತಿಲ್ಲದಿದ್ದರೆ ಒಂದೇ ಮಾತು ಸಾಕು: ನಾಲಿಗಿ ಬುಡಕ ನೋಡ್ರಿ.